ಕಬ್ಬಿಣದ ಮೇಲಿನ ಬೊಟ್ಟು

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿರುವ ತನ್ನ ಶೆಡ್ಡಿನಲ್ಲಿ ಕಳೆದ ತಿಂಗಳು ಚೌಡೇಶ್ ಒಬ್ಬ ಗಿರಾಕಿಯ ಕೈಗೆ ಅರದ ಹಿಡಿಯಿಂದ ಹೊಡೆದ. ಗಿರಾಕಿ ನಾಗೇಂದ್ರಪ್ಪ, ಲಾರಿ ಮಾಲೀಕರು, ವಯಸ್ಸಿನಲ್ಲಿ ಹಿರಿಯರು. ಅವರು ಮಾಡಿದ್ದು ಇಷ್ಟೆ: ಕ್ಯಾಬಿನ್ ಕಂಬದ ಬಣ್ಣ ಕೆರೆದು ಬೆಳ್ಳಗೆ ಮಾಡಿಟ್ಟಿದ್ದ ತಗಡಿನತ್ತ ಕುಂಕುಮದ ಬೆರಳು ಚಾಚಿದ್ದರು.

"ಏನಪ್ಪಾ, ದೇವ್ರ ಕೆಲ್ಸಕ್ಕೂ ಹೊಡೀತೀಯಾ?"

"ಗಾಜಿನ ಮ್ಯಾಲೆ ಇಡ್ರಿ, ಬಾಗಿಲ ಮ್ಯಾಲೆ ಇಡ್ರಿ. ಬೇಕಾದ್ರೆ ನನ್ನ ಹಣೆಗೇ ಇಡ್ರಿ. ಇಲ್ಲಿ ಇಟ್ರೆ ಬೆರಳು ಮುರೀತೀನಿ."

ನಾಗೇಂದ್ರಪ್ಪ ನಗಲು ಹೋದರು. ಅಷ್ಟರಲ್ಲಿ ಅರ ಹಿಡಿದಿದ್ದ ಕೈ ಕಣ್ಣಿಗೆ ಬಿತ್ತು. ಅದರ ಕೊನೆಯ ಎರಡು ಬೆರಳು ಸೊಟ್ಟಗೆ, ಒಂದರ ಮೇಲೊಂದು ಹತ್ತಿಕೊಂಡಂತೆ ನಿಂತಿದ್ದವು. ಅವರು ಕುಂಕುಮವನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಆಚೆ ಹೋಗಿ ಕೂತರು.

ಚೌಡೇಶ್‌ಗೆ ಮೂವತ್ನಾಲ್ಕು ವರ್ಷ. ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವ ಮನೆಯವನು, ಮನೆಮಾತು ತೆಲುಗು. ಮಗ್ಗದ ಗುಂಡಿಗೆ ಇಳಿಯಲು ಒಲ್ಲದೆ ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯೊಂದಕ್ಕೆ ಸೇರಿ, ಆರು ವರ್ಷದಲ್ಲಿ ಅಂಟಿನ ಕೆಲಸ ಕಲಿತು ಬಂದ. ವಾಹನದ ಛಾವಣಿ ಹೊರುವ ಕಂಬಗಳು ಒಳಗೆ ಟೊಳ್ಳು. ಗಾಡಿ ಪಲ್ಟಿಯಾದಾಗ ಮೊದಲು ಮಡಚುವುದು ಅವೇ. ಅವುಗಳೊಳಗೆ ಗಟ್ಟಿ ಉಕ್ಕಿನ ಪಟ್ಟಿ ಕೂರಿಸುವುದು ಚೌಡೇಶನ ಕಸುಬು. ಬೆಸುಗೆ ಹಾಕಿದರೆ ಕಾವಿಗೆ ಆ ಉಕ್ಕು ಮೆತ್ತಗಾಗುತ್ತದೆ, ಹಿಡಿತವೂ ಅಲ್ಲೊಂದು ಇಲ್ಲೊಂದು ಚುಕ್ಕಿಯಲ್ಲಷ್ಟೆ. ಎರಡು ಡಬ್ಬಿಯ ಅಂಟು ಬೆರೆಸಿ ಹಚ್ಚಿ, ಕ್ಲ್ಯಾಂಪು ಬಿಗಿದು ಒಂದು ದಿನ ಬಿಟ್ಟರೆ ಪಟ್ಟಿ ಉದ್ದಕ್ಕೂ ಕಚ್ಚಿಕೊಳ್ಳುತ್ತದೆ. ಆದರೆ ತಗಡಿನ ಮೇಲೆ ಬಣ್ಣ, ತುಕ್ಕು, ಬೆವರು, ಜಿಡ್ಡು ಯಾವುದೂ ಇರಕೂಡದು. ಎಣ್ಣೆ ಮಿಲ್ಲುಗಳ ಊರಿನಲ್ಲಿ ಇದು ಸಣ್ಣ ಕೆಲಸವಲ್ಲ.

"ಅಂಟು ನಾಯಿ ಇದ್ದಂಗೆ," ಎನ್ನುತ್ತಾನೆ ಚೌಡೇಶ್. "ಎಣ್ಣೆ ಕಂಡ್ರೆ ಕಚ್ಚಲ್ಲ, ನೆಕ್ತೈತೆ."

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ಕೊಂಡ್ಲಹಳ್ಳಿಯ ಬೋರಣ್ಣ ತನ್ನ ಪ್ಯಾಸೆಂಜರ್ ಜೀಪು ತಂದ. ಅವನದು ಕುರಿ ಕಾಯುತ್ತಿದ್ದ ಮನೆ. ಕುರಿ ಮಾರಿ ಜೀಪು ಕೊಂಡು, ಕುದಾಪುರದ ಕಡೆಯ ಕಟ್ಟಡ ಕೆಲಸಕ್ಕೆ ಕೂಲಿಯವರನ್ನು ಕರೆದೊಯ್ಯುತ್ತಿದ್ದ.

"ಕುರಿಗಾದ್ರೆ ಕಾಲೈತೆ, ಓಡ್ತಾವೆ," ಎಂದ. "ಇದ್ರೊಳಗೆ ಕುಂತೋರು ಎಲ್ಲಿಗೆ ಓಡ್ತಾರೆ? ಗಟ್ಟಿ ಮಾಡ್ಕೊಡು."

ಮೂರು ಕಂಬ ಮುಗಿದವು. ಉಳಿದದ್ದು ಬೋರಣ್ಣ ಕೂರುವ ಬದಿಯ ಮುಂದಿನ ಕಂಬ. ತಗಡು ಉಜ್ಜಿ, ಒರೆಸಿ, ಅಂಟು ಬೆರೆಸಿ, ಚೌಡೇಶ್ ಕ್ಲ್ಯಾಂಪಿಗೆಂದು ಹಿಂದೆ ತಿರುಗಿದ. ಮತ್ತೆ ನೋಡುವಷ್ಟರಲ್ಲಿ ಬೋರಣ್ಣನ ಹೆಂಡತಿ ನಾಗಕ್ಕ ಆ ಹೊಳೆಯುವ ತಗಡಿನ ಮೇಲೆ ಹೆಬ್ಬೆರಳು ಒತ್ತಿ ಕುಂಕುಮದ ಬೊಟ್ಟು ಇಟ್ಟಿದ್ದಳು.

"ಶೇಂಗಾ ಎಣ್ಣೆ ಹಾಕಿ ಕಲಸೀನಿ," ಎಂದಳು. "ಉದುರಲ್ಲ."

ಚೌಡೇಶನ ಕೈಯಲ್ಲಿ ಜಿಡ್ಡು ತೆಗೆಯುವ ಅಸಿಟೋನಿನಲ್ಲಿ ಅದ್ದಿದ ಬಟ್ಟೆ ಇತ್ತು. ಒಂದು ಸಲ ಒರೆಸಿದ್ದರೆ ಮುಗಿಯುತ್ತಿತ್ತು. ಆದರೆ ಅವನ ತಾಯಿ ಚಿತ್ತಮ್ಮ ಹೇಳಿ ಬೆಳೆಸಿದ ಮಾತೊಂದಿತ್ತು: "ಬೊಟ್ಟು ಚೆರಪಕೂಡದು ರಾ." ಇಟ್ಟ ಬೊಟ್ಟನ್ನು ಅಳಿಸಬಾರದು. ಅದೂ ಗಂಡನ ಆಯಸ್ಸಿಗೆಂದು ಮುತ್ತೈದೆ ಇಟ್ಟದ್ದನ್ನು, ಅವಳ ಎದುರಿಗೇ, ಅವಳ ಗಂಡ ನೋಡುತ್ತಿರುವಾಗ. ಚೌಡೇಶ್ ಬಟ್ಟೆಯನ್ನು ಜೇಬಿಗೆ ತುರುಕಿ, ಬೊಟ್ಟಿನ ಮೇಲೆಯೇ ಅಂಟು ಎಳೆದು ಪಟ್ಟಿ ಕೂರಿಸಿದ.

ಮರುದಿನ ನಾಣ್ಯದಿಂದ ಕಂಬ ಬಡಿದು ನೋಡಿದ. ಕಚ್ಚಿದ ಕಡೆ ಟಣ್ ಎನ್ನಬೇಕು. ಎಲ್ಲ ಕಡೆ ಟಣ್ ಎಂದಿತು. ಕೆಳಅಂಚಿನ ಹತ್ತಿರ, ನಾಣ್ಯದಗಲ ಜಾಗದಲ್ಲಿ, ದಬ್ ಎಂದಿತು.

"ಏನು?" ಎಂದ ಬೋರಣ್ಣ.

"ಏನಿಲ್ಲ," ಎಂದ ಚೌಡೇಶ್. ಬೋರಣ್ಣ ಗಾಡಿ ಒಯ್ದ.

ಐದು ತಿಂಗಳ ನಂತರ ಒಂದು ಬೆಳಿಗ್ಗೆ ತಳಕಿನ ಹತ್ತಿರ, ಎದುರು ಬಂದ ಲಾರಿಯನ್ನು ತಪ್ಪಿಸಲು ಹೋಗಿ ಜೀಪು ರಸ್ತೆಯಿಂದ ಹಾರಿ ಮೂರು ಸುತ್ತು ಉರುಳಿತು. ಒಳಗೆ ಹನ್ನೊಂದು ಜನ ಕೂಲಿಯವರಿದ್ದರು. ಕೈಕಾಲು ಮುರಿದವು, ಒಬ್ಬರ ಕಿವಿ ಹರಿದು ಜೋತುಬಿತ್ತು. ಹನ್ನೊಂದು ಜನವೂ ಬದುಕಿದರು. ಮೂರು ಕಂಬ ನೆಟ್ಟಗೆ ನಿಂತಿದ್ದವು. ನಾಲ್ಕನೆಯದು ಮಡಚಿ, ಛಾವಣಿ ಸ್ಟೇರಿಂಗಿನ ಮಟ್ಟಕ್ಕೆ ಇಳಿದಿತ್ತು. ಬೋರಣ್ಣನ ತಲೆ, ಎದೆ ಅವೆರಡರ ನಡುವೆ ಇದ್ದವು. ಹೊರಗೆ ತೆಗೆಯಲು ಎರಡು ಗಂಟೆ ಹಿಡಿಯಿತು. ಮುಖ ಯಾರಿಗೂ ತೋರಿಸಲಿಲ್ಲ.

ಐದನೆಯ ದಿನ ಮಧ್ಯಾಹ್ನ ಬೋರಣ್ಣನ ತಮ್ಮ ಶಿವಣ್ಣ ನಾಲ್ಕು ಜನರೊಂದಿಗೆ ಶೆಡ್ಡಿಗೆ ನುಗ್ಗಿದ.

"ಲೇ, ಮನುಷ್ಯರ ಜೀವಕ್ಕೆ ಗಮ್ಮು ಹಚ್ತೀಯೇನಲೇ? ಪಟ ಅಂಟಿಸ್ದಂಗೆ?"

ಇಬ್ಬರು ಚೌಡೇಶನನ್ನು ಬೆಂಚಿಗೆ ಒತ್ತಿ ಹಿಡಿದರು. ಒಬ್ಬ ಅವನ ಬಲಗೈಯನ್ನು ಬೆಂಚಿನ ಮೇಲಿನ ವೈಸಿನ ಕಬ್ಬಿಣದ ದವಡೆಗೆ ಕೊಟ್ಟು ಬಿಗಿದ. ಶಿವಣ್ಣ ಸುತ್ತಿಗೆ ಎತ್ತಿ ಹೊರಗೆ ಉಳಿದಿದ್ದ ಎರಡು ಬೆರಳ ಮೇಲೆ ಹೊಡೆದ. ಎರಡನೆಯ ಏಟಿಗೆ ಉಗುರು ಕಿತ್ತು ಬಂತು. ಮೂರನೆಯದಕ್ಕೆ ಚೌಡೇಶ್ ಉಚ್ಚೆ ಹೊಯ್ದುಕೊಂಡ. ಆಮೇಲೆ ಅಂಟಿನ ಎರಡೂ ಡಬ್ಬಿ ಅವನ ತಲೆಯ ಮೇಲೆ ಸುರಿದು, "ಈಗ ಹಿಡೀಲಿ ನೋಡನ," ಎಂದು ಕೋಲಿನಿಂದ ಕಲಸಿದರು.

ಹಿಡಿಯಿತು. ಆಸ್ಪತ್ರೆಯಲ್ಲಿ ಕೂದಲನ್ನು ಬುಡಸಮೇತ ಬೋಳಿಸಬೇಕಾಯಿತು, ಎರಡು ಕಡೆ ಚರ್ಮವೂ ಬಂತು. ಮೊಳಕಾಲ್ಮುರಿನ ಬೀದಿಯಲ್ಲಿ ಜನ, "ಯಾರು ತೀರ್ಕೊಂಡ್ರು?" ಎಂದು ಕೇಳಿದರು. ಬೋಳುತಲೆಯ ಚೌಡೇಶ್, "ಬೋರಣ್ಣ," ಎಂದ.

ದೂರು ಕೊಡು ಎಂದು ಚಿತ್ತಮ್ಮ ಅತ್ತರು. ಅವನು ಕೊಡಲಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ: ಆ ಕಂಬ ಮಡಚಿದ್ದು ಏಟಿನ ಜೋರಿಗೋ, ತಾನು ಅಳಿಸದೆ ಬಿಟ್ಟ ಬೊಟ್ಟಿನಿಂದಲೋ? ಕಂಬ ಕೊಯ್ದು ನೋಡದೆ ಗೊತ್ತಾಗುವಂತಿರಲಿಲ್ಲ. ಪೊಲೀಸರು ಬಿಟ್ಟುಕೊಟ್ಟ ಜೀಪು ಬೋರಣ್ಣನ ಅಂಗಳದಲ್ಲಿ ಬಿದ್ದಿತ್ತು. ಕೈಗೆ ಬ್ಯಾಂಡೇಜು ಕಟ್ಟಿಕೊಂಡೇ, ಚೀಲದಲ್ಲಿ ತಗಡು ಕೊಯ್ಯುವ ಗ್ರೈಂಡರ್ ಇಟ್ಟುಕೊಂಡು ಅವನು ಕೊಂಡ್ಲಹಳ್ಳಿಗೆ ಹೋದ.

"ಇನ್ನೂ ಎಂಟು ಬೆರಳು ಉಳ್ದಾವಲ್ಲ, ಅದ್ಕೆ ಬಂದೀಯಾ?" ಎಂದ ಶಿವಣ್ಣ.

ಊರಿನ ಹಿರಿಯ ಚಿಕ್ಕಬಸಪ್ಪ ನಡುವೆ ಬಂದು, "ಕೊಯ್ಲಿ ಬಿಡು, ಎಲ್ರ ಮುಂದೆ ಕೊಯ್ಲಿ," ಎಂದರು.

ಚೌಡೇಶ್ ಎಡಗೈಯಲ್ಲಿ ಕೊಯ್ದ. ಕಿಡಿ ಅಂಗಳದ ತುಂಬ ಹಾರಿತು. ಮೊದಲು ನೆಟ್ಟಗೆ ನಿಂತಿದ್ದ ಒಂದು ಕಂಬ ತೆರೆದ. ಪಟ್ಟಿ ಬಿಡಿಸಲು ಉಳಿಯೂ ಸಾಲಲಿಲ್ಲ. ನಂತರ ಮಡಚಿದ ಕಂಬ. ಅಲ್ಲಿ ಪಟ್ಟಿಯ ಮೇಲ್ಭಾಗದಲ್ಲಿ ಅಂಟು ಹಿಡಿತ ಬಿಡದೆ, ತಾನೇ ಹರಿದು ತಗಡಿನ ಮೇಲೂ ಪಟ್ಟಿಯ ಮೇಲೂ ಉಳಿದಿತ್ತು. ಕೆಳಅಂಚಿನಲ್ಲಿ ಮಾತ್ರ ಬರಿಯ ತಗಡು. ಅದರ ಮೇಲೆ ಹೆಬ್ಬೆರಳ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿ, ಕೆಂಪಗೆ, ಜಿಡ್ಡಾಗಿ ಬೊಟ್ಟು. ಸೀಳು ಹುಟ್ಟಿದ್ದು ಅಲ್ಲಿಂದಲೇ.

ಬಾಗಿಲಲ್ಲಿ ನಿಂತಿದ್ದ ನಾಗಕ್ಕ ಹತ್ತಿರ ಬಂದು ನೋಡಿದಳು.

"ಇದು ನಂದು," ಎಂದಳು.

ಶಿವಣ್ಣನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದಾಗ ಅತ್ತಿಗೆಯ ಕೂದಲಿಗೆ ಕೈ ಹಾಕಿ, "ನೀನೇನೇ ನನ್ನಣ್ಣನ್ನ ತಿಂದಿದ್ದು!" ಎಂದು ಜೀಪಿನ ಬಾಗಿಲಿಗೆ ಅವಳ ತಲೆ ಚಚ್ಚಿದ. ಎರಡು ಸಲ. ಮೂರನೆಯದಕ್ಕೆ ಚೌಡೇಶ್ ನಡುವೆ ಬಿದ್ದ.

"ನಾನು ನೋಡಿದ್ದೆ," ಎಂದು ಕೂಗಿದ. "ಬಟ್ಟೆ ನನ್ನ ಕೈಯಾಗೇ ಇತ್ತು. ಆಯಮ್ಮಂಗೆ ಏನು ಗೊತ್ತು? ಮಾರ್ನೇ ದಿನ ಬಡಿದು ನೋಡ್ದೆ. ದಬ್ ಅಂತು. ಏನಿಲ್ಲ ಅಂದೆ. ನಾನೇ ಅಂದೆ."

ಶಿವಣ್ಣ ಕೊಯ್ದಿಟ್ಟ ಪಟ್ಟಿಯನ್ನು ಎತ್ತಿ ಬೀಸಿದ. ಅಂಚು ಚೌಡೇಶನ ಹೆಗಲ ಮೂಳೆಗೆ ಇಳಿಯಿತು. ಇನ್ನೊಮ್ಮೆ ಎತ್ತಿದ.

ಗ್ರೈಂಡರಿನ ಸದ್ದಿಗೆ ಅವನ ಕೈ ಅಲ್ಲೇ ನಿಂತಿತು. ನಾಗಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಹಣೆಯ ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ತಿರುಗುವ ಬ್ಲೇಡನ್ನು ಮೈದುನನ ಹೊಟ್ಟೆಗೆ ಗೇಣು ದೂರದಲ್ಲಿ ಹಿಡಿದಳು.

"ಹೊಡಿ," ಎಂದಳು. "ಒಂದು ಹೊಡಿ ನೋಡನ."

"ಲೇ ಶಿವಣ್ಣ, ಇಳಿಸಲೇ, ಸೀಳಾಕ್ತಾಳೆ!" ಎಂದು ಚಿಕ್ಕಬಸಪ್ಪ ಅರಚಿದರು. ಶಿವಣ್ಣ ಪಟ್ಟಿ ಕೆಳಗೆ ಹಾಕಿ, ಹಿಂದೆ ಹಿಂದೆ ನಡೆದು ಅಂಗಳ ದಾಟಿದ.

ನಾಗಕ್ಕ ಸ್ವಿಚ್ಚು ಬಿಟ್ಟಳು. ಬ್ಲೇಡು ನಿಲ್ಲುವವರೆಗೆ ಕಾದಳು. ಆಮೇಲೆ ಚೌಡೇಶನ ಎದುರು ಕುಕ್ಕರುಗಾಲಲ್ಲಿ ಕೂತು, "ಆ ಬಟ್ಟೆ ತಂದೀಯಾ?" ಎಂದು ಕೇಳಿದಳು.

ಚೀಲದಲ್ಲಿ ಅಸಿಟೋನಿನ ಸೀಸೆಯೂ ಬಟ್ಟೆಯೂ ಇದ್ದವು. ನಾಗಕ್ಕ ಬಟ್ಟೆಯನ್ನು ಅದ್ದಿ, ಕಂಬದ ತಗಡಿನ ಮೇಲೆ ಒಮ್ಮೆ ಎಳೆದಳು. ಕೆಂಪು ಪೂರ್ತಿ ಬಟ್ಟೆಗೆ ಬಂತು. ತಗಡು ಹೊಳೆಯಿತು.

"ಇಷ್ಟೇನಾ?" ಎಂದಳು.

ಹೆಗಲು ಒತ್ತಿ ಹಿಡಿದಿದ್ದ ಚೌಡೇಶ್, "ಇಷ್ಟೇ," ಎಂದ.