ಒದ್ದೆ ಮಡಿಯಲ್ಲಿ ಎತ್ತಿದ ತುಳಸಿಕಟ್ಟೆ

೧೯೫೬ರಲ್ಲಿ ನಾವು ಮಾಟುಂಗದಲ್ಲಿ, ಸಾಲುಕೋಣೆಗಳ ಒಂದು ಚಾಳಿನ ಎರಡನೆಯ ಮಹಡಿಯಲ್ಲಿದ್ದೆವು. ಸಂಬಳದ ಕೆಲಸ ನಮ್ಮ ಯಜಮಾನರದು, ಉಡುಪಿ ಹೋಟೆಲೊಂದರ ಅಡುಗೆಮನೆಯಲ್ಲಿ. ನನ್ನದು ಖೋಲಿಯ, ಎಂದರೆ ಒಂದೇ ಕೋಣೆಯ ಸಂಸಾರ ಮತ್ತು ಅಂಗಳದ ತುಳಸಿ. ಅದೂ ಉದ್ಯೋಗವೇ ಎಂದು ನಾನು ತಿಳಿದಿದ್ದೇನೆ. ಆ ಉದ್ಯೋಗದಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ದೇವರು ಸಣ್ಣದರಲ್ಲೇ ಮುಗಿಸಿದ.

ನಮ್ಮ ತುಳಸಿಕಟ್ಟೆ ಊರಿನಿಂದ ಹಡಗಿನಲ್ಲಿ ಬಂದದ್ದು, ಒಂದೇ ಕಲ್ಲಿನಲ್ಲಿ ಕಡೆದದ್ದು. ಮೊಣಕಾಲೆತ್ತರವಾದರೂ ಬರಿಯ ಕಲ್ಲೇ ಎರಡು ಮಣ, ಒಬ್ಬ ಆಳಿನ ತೂಕವಿತ್ತು. ಆ ವರ್ಷ ಮಳೆಗಾಲಕ್ಕೆ ಮುಂಚೆ, ನೀರಿನ ಪೈಪಿಗಾಗಿ ಅಂಗಳ ಅಗೆಯುತ್ತಾರೆ, ನಾಳೆಯೊಳಗೆ ಜಾಗ ಖಾಲಿ ಮಾಡಿ ಎಂದು ಚಾಳಿನ ಮಾಲೀಕರು ಹೇಳಿ ಕಳಿಸಿದರು. ನಲ್ಲಿಯ ಪಕ್ಕದಿಂದ ಎದುರುಗೋಡೆಗೆ, ಸುಮಾರು ಇಪ್ಪತ್ತು ಹೆಜ್ಜೆ ಕಟ್ಟೆಯನ್ನು ಸಾಗಿಸಬೇಕು.

ಅಂದು ಏಕಾದಶಿ. ತುಳಸಿಯನ್ನು ಮಡಿಯಲ್ಲಿದ್ದವರೇ ಮುಟ್ಟಬೇಕೆಂದು ಹಟ ಹಿಡಿದೆ. ಮಡಿಯೆಂದರೆ ನಮ್ಮಲ್ಲಿ ಸ್ನಾನ ಮಾಡಿ, ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನೇ ಉಡುವುದು. ಇವರು ಹಿಂದಿನ ವರ್ಷ ಹೋಟೆಲಿನಲ್ಲಿ ರುಬ್ಬುವ ಕಲ್ಲು ಎತ್ತಲು ಹೋಗಿ ಹದಿನೈದು ದಿನ ಮಲಗಿದ್ದರು. ಇನ್ನೊಮ್ಮೆ ಸೊಂಟ ಉಳುಕಿ ಮಲಗಿದರೆ ಬೇರೆ ಆಳು ನೋಡುತ್ತೇನೆಂದು ಧಣಿಗಳು ಹೇಳಿದ್ದರು. ಅದು ಗೊತ್ತಿದ್ದೂ ಒದ್ದೆ ಧೋತ್ರದಲ್ಲಿ, ಬರಿಹೊಟ್ಟೆಯಲ್ಲಿ ಇವರನ್ನು ಕೆಳಗಿಳಿಸಿದೆ. ಬೆಳಿಗ್ಗೆ ಎಂದಿನಂತೆ ತುಳಸಿಗೆ ಎರಡು ಚೊಂಬು ನೀರೂ ಹೊಯ್ದಿದ್ದೆ; ಮಣ್ಣು ನೆನೆದು ಇನ್ನಷ್ಟು ಭಾರವಾಗಿತ್ತು.

“ಕೈ ಜಾರ್ತದೆ ಮಾರಾಯ್ತಿ. ಕೆಳಗಿನ ಖೋಲಿಯವರನ್ನು ಕರೆಯುವಾ” ಎಂದರು ಇವರು.

“ಅವರಿಗೆ ಮಡಿ ಉಂಟಾ? ದೇವರ ಕೆಲಸ, ದೇವರೇ ಎತ್ತಿಸ್ತಾನೆ” ಎಂದೆ.

ಇವರು ಕಾಲು ಜೋಡಿಸಿ ನಿಂತು, ಬೆನ್ನು ಬಗ್ಗಿಸಿ, ಕಟ್ಟೆಯನ್ನು ತಬ್ಬಿ ಎತ್ತಿದರು. ಮೂರು ಹೆಜ್ಜೆ ಇಡುವಷ್ಟರಲ್ಲಿ ಕಲ್ಲು ಒದ್ದೆ ಬಟ್ಟೆಯ ಮೇಲಿಂದ ಜಾರಿ, ಪಾದಕ್ಕೆ ನಾಲ್ಕು ಬೆರಳು ದೂರದಲ್ಲಿ ಬಿತ್ತು. ಇವರು ಸೊಂಟ ಹಿಡಿದುಕೊಂಡು ಅಲ್ಲೇ ಕುಳಿತರು.

ಕೆಳಗಿನ ಖೋಲಿಯಿಂದ ಬಸಪ್ಪನವರು ಓಡಿ ಬಂದರು. ಧಾರವಾಡದ ಕಡೆಯವರು, ಬಂದರಿನಲ್ಲಿ ಮುಕಾದಮ, ಎಂದರೆ ಮೂಟೆ ಹೊರುವವರ ಮೇಸ್ತ್ರಿ. ಇವರನ್ನು ಮೆಲ್ಲಗೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದರು.

“ಉಳುಕಿಲ್ಲ, ಬರೇ ಹಿಡಿದೈತಿ. ಪುಣ್ಯಾ ಮಾಡೀರಿ” ಎಂದು, ನನ್ನತ್ತ ತಿರುಗಿದರು. “ಅಕ್ಕಾರ, ದೇವರಿಗೆ ಮಡಿ ತಿಳೀತೈತಿ ಖರೆ. ಕಲ್ಲಿಗೇನ್ ತಿಳೀತೈತ್ರಿ? ಅದು ಬೀಳೂದೊಂದ ಕಲ್ತೈತಿ. ನಾ ಮುಟ್ಟಂಗಿಲ್ಲ ಬಿಡ್ರಿ, ಹೆಂಗ ಎತ್ತಬೇಕಂತ ದೂರ ನಿಂತ ಹೇಳ್ತೀನಿ.”

ದೂರ ನಿಂತು ಎನ್ನುವ ಮಾತಿಗೆ ನನಗೆ ನಾಚಿಕೆಯಾಯಿತು. ಇವರ ಬೆವರಿದ ಮುಖ ನೋಡಿದೆ.

“ಮುಟ್ಟಿ ಅಣ್ಣಾ. ನೀವು ಕೈ ಹಾಕದಿದ್ದರೆ ಇದು ಏಳುವುದಿಲ್ಲ” ಎಂದೆ.

ಬಸಪ್ಪನವರು ಮೊದಲು ಕಲ್ಲನ್ನು ಮುಟ್ಟಲೇ ಇಲ್ಲ. ಉಳಿದ ದಾರಿಯನ್ನು ನಡೆದು ನೋಡಿ, ಬಾಲ್ದಿ, ಬಟ್ಟೆ ಒಗೆಯುವ ಕಲ್ಲು ಎಲ್ಲವನ್ನೂ ಬದಿಗಿಟ್ಟರು. ತುಳಸಿಯನ್ನು ಬೇರಿನ ಮಣ್ಣು ಸಮೇತ ನನ್ನಿಂದಲೇ ತೆಗೆಸಿ ನನ್ನ ಮಡಿಲಿಗೆ ಕೊಟ್ಟರು. ಉಳಿದ ಮಣ್ಣನ್ನು ಅರ್ಧರ್ಧ ಬಾಲ್ದಿ ಸಾಗಿಸಿದರು. ತಮ್ಮ ಜೊತೆಗಾರನೊಬ್ಬನನ್ನು ಕರೆದು, ಕೈ ಒರೆಸಿಕೊಂಡು, ಕಲ್ಲಿನಡಿಗೆ ಗೋಣಿಪಟ್ಟಿ ಕೊಟ್ಟು, ಕಾಲು ಅಗಲಿಸಿ ಮೊಣಕಾಲು ಮಡಿಸಿ ಕುಳಿತರು. “ನಾ ಹೇಳಿದ ಮ್ಯಾಲ, ಇಬ್ರೂ ಕೂಡೆ. ಬೆನ್ನು ನೆಟ್ಟಗಿರಲಿ, ಜೋರ ತೊಡೀ ಮ್ಯಾಲ ಬರಲಿ” ಎಂದರು. ಕಲ್ಲು ಎದೆಗೊತ್ತಿಕೊಂಡು ಎದ್ದಿತು. ಎದುರುಗೋಡೆಯ ಬಳಿ ಸದ್ದಿಲ್ಲದೆ ಕುಳಿತಿತು. ಮಣ್ಣು ತುಂಬಿ ತುಳಸಿಯನ್ನು ನಾನೇ ನೆಟ್ಟೆ. ಇವರು ಚಾಳಿನ ಮೆಟ್ಟಿಲ ಮೇಲೆ ಕುಳಿತು, ನಾನು ತಂದ ಹಾಲು ಬಾಳೆಹಣ್ಣು ತಿನ್ನುತ್ತಾ ನೋಡುತ್ತಿದ್ದರು.

ಮರುದಿನ ನಸುಕಿಗೆ ಇವರು ಎಂದಿನಂತೆ ಕೆಲಸಕ್ಕೆ ಹೊರಟರು. ಚಾಳಿನ ಮರದ ಮೆಟ್ಟಿಲ ಮೇಲೆ ಎರಡು ಕಾಲಿನ ಸದ್ದೂ ಸಮನಾಗಿ ಇಳಿದುಹೋಗುವುದನ್ನು ಕೇಳುತ್ತಾ ಬಾಗಿಲಲ್ಲೇ ಕೈಮುಗಿದೆ.

ಭಾರ ಎತ್ತಿಸುವ ಮೊದಲು ಎತ್ತುವವರ ಹೊಟ್ಟೆ ತುಂಬಿರಬೇಕು, ಕೈ ಒಣಗಿರಬೇಕು, ಜೊತೆಗೆ ಇನ್ನೊಬ್ಬರಿರಬೇಕು. ಅಂದಿನಿಂದ ಇದನ್ನೂ ನಾನು ಮಡಿಯೆಂದೇ ಪಾಲಿಸುತ್ತಾ ಬಂದಿದ್ದೇನೆ.