ವೇಳಾಪಟ್ಟಿಯ ಹಿಂದಿನ ಹಾಳೆ

ನೂರ್‌ಜಹಾನ್ ಟೀಚರ್, ಪಾಸ್‌ವರ್ಡ್ ಸೋರಿದ್ದು ನಿಮ್ಮಿಂದಲ್ಲ, ನನ್ನಿಂದ. ಅದು ನನಗೆ ಅಂದೇ ಗೊತ್ತಾಗಿತ್ತು — ಆದರೂ ಆರು ವರ್ಷ ಬಾಯಿ ಬಿಡಲಿಲ್ಲ.

ಹೊಸದುರ್ಗದ ಆ ಶಾಲೆಯಲ್ಲಿ ನಾನು ಹೆಡ್‌ಮಾಸ್ಟರು, ನೀವು ಕಂಪ್ಯೂಟರ್ ಟೀಚರು. ಪೋಷಕರ ಮೊಬೈಲಿಗೆ ಸಂದೇಶ ಕಳಿಸುವ ಪಾಸ್‌ವರ್ಡ್ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಪ್ರತಿ ತಿಂಗಳ ಮೊದಲ ಸೋಮವಾರ, ಪ್ರಾರ್ಥನೆಯ ಗಂಟೆಗೆ ಮುಂಚೆ, ಅದನ್ನು ಬದಲಿಸಲೇಬೇಕು — ನನ್ನ ಕಟ್ಟಳೆ.

"ಹಿಂಗೆ ಬದ್ಲಾಯ್ಸ್ತಾ ಇದ್ರೆ ನೆನಪಿರಲ್ಲ ಸಾರ್" ಎಂದಿರಿ.

"ಶಿಸ್ತಿದ್ರೆ ಎಲ್ಲಾ ನೆನಪಿರ್ತೈತಮ್ಮ" ಎಂದೆ.

ಒಂದು ಸಂಜೆ ನನ್ನ ಹೆಸರಿನಲ್ಲಿ ಎಲ್ಲ ಪೋಷಕರಿಗೂ 'ನಾಳೆ ರಜೆ' ಎಂದು ಸಂದೇಶ ಹೋಯಿತು. ಮರುದಿನ ಶಾಲೆಯಲ್ಲಿ ಉಳಿದದ್ದು ನಾವು ಶಿಕ್ಷಕರು ಮತ್ತು ಒಂದು ಕೊಳಗ ಬಿಸಿಯೂಟದ ಸಾರು. ಎಲ್ಲರೆದುರು ನಿಮ್ಮನ್ನು ನಿಲ್ಲಿಸಿ, "ಗುಟ್ಟು ಕಾಪಾಡೋಕೆ ಆಗ್ದಿದ್ರೆ ಕಂಪ್ಯೂಟರ್ ರೂಮಿನ ಬೀಗದ ಕೈ ಕೊಡ್ರಿ" ಎಂದೆ. ಕೊಟ್ಟಿರಿ. ಆ ವರ್ಷವೇ ಶಾಲೆಯನ್ನೂ ಬಿಟ್ಟಿರಿ.

ನಿಮ್ಮನ್ನು ನಿಲ್ಲಿಸಿದ ದಿನವೇ ಮಧ್ಯಾಹ್ನ, ಜಗಲಿಯಲ್ಲಿ ತೂಗಿದ್ದ ವೇಳಾಪಟ್ಟಿಯ ಹಲಗೆಯನ್ನು ತಿರುಗಿಸಿದೆ. ಅದರ ಬೆನ್ನಿಗೆ, ಮರೆಯದಿರಲೆಂದು ನಾನೇ ಅಂಟಿಸಿದ್ದ ಹಾಳೆ — ಕ್ರಮಸಂಖ್ಯೆ, ದಿನಾಂಕ, ಪಾಸ್‌ವರ್ಡ್. ಹಳೆಯದಕ್ಕೆಲ್ಲ ಸ್ಕೇಲಿಟ್ಟು ಗೀಟು. ಕೊನೆಯದರ ಕೆಳಗೆ, ಯಾವುದೋ ಮಗುವಿನ ಸೊಟ್ಟ ಅಕ್ಷರದಲ್ಲಿ — 'ಥ್ಯಾಂಕ್ಯೂ ಸಾರ್'.

ಹಾಳೆಯನ್ನು ಕಿತ್ತು ಮನೆಗೆ ಒಯ್ದೆ. ಹರಿದು ಹಾಕಲೂ ಮನಸ್ಸು ಬರಲಿಲ್ಲ, ಫೈಲಿಗೆ ಸೇರಿಸಿದೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು... ಮಿಕ್ಕ ಕೆಲಸಗಳಿಗೆಲ್ಲ ನನ್ನ ದಿನಚರಿಯಲ್ಲಿ ವೇಳೆಯಿತ್ತು.

ಹೋದ ವಾರ ಹೊಸ ಮೊಬೈಲಿಗೆ ಪಾಸ್‌ವರ್ಡ್ ಹಾಕಿಸಲು ತಾಲ್ಲೂಕು ಕಚೇರಿಯ ಬಳಿಯ ಆನ್‌ಲೈನ್ ಸೇವೆಯ ಅಂಗಡಿಗೆ ಬಂದರೆ, ಒಳಗೆ ನೀವು! "ಬರ್ರಿ ಸಾರ್, ಕುಂತ್ಕಳ್ರಿ" ಎಂದು ಚಹಾ ತರಿಸಿದಿರಿ. ಮೊಬೈಲಿನ ಮೇಲೆ ನನ್ನ ಬೆರಳು ಒತ್ತಿಸಿ ಹೇಳಿದಿರಿ: "ಈಗ ತಿಂಗ್ಳಿಗೊಂದ್ಸಲ ಬದ್ಲಾಯ್ಸೋದೆಲ್ಲ ಬೇಡ್ರಿ. ಉದ್ದಂದು ಒಂದೇ ಇಟ್ಕಳ್ರಿ, ಇಲ್ಲಾಂದ್ರೆ ಬೆರಳು ಸಾಕು. ಪದೇ ಪದೇ ಬದ್ಲಾಯ್ಸು ಅಂದ್ರೆ ಜನ ಎಲ್ಲಾದ್ರೂ ಬರ್ದಿಟ್ಕಂತಾರೆ." ಆಮೇಲೆ ನಕ್ಕಿರಿ: "ನೀವು ಹಂಗೆ ಬರ್ದಿಡೋರಲ್ಲ ಬಿಡ್ರಿ!"

ಅರ್ಧ ಚಹಾ ಬಿಟ್ಟು ಎದ್ದು ಬಂದೆ.

ಈ ಭಾನುವಾರ ಹತ್ತು ಗಂಟೆಗೆ ಹಳೆಯ ಶಿಕ್ಷಕರೆಲ್ಲ ಶಾಲೆಯಲ್ಲಿ ಸೇರುತ್ತಿದ್ದೇವೆ. ದಯವಿಟ್ಟು ಬನ್ನಿ. ನಿಮ್ಮನ್ನು ನಿಲ್ಲಿಸಿದ್ದ ಜಾಗದಲ್ಲೇ ನಾನು ನಿಂತು, ಅವರೆಲ್ಲರೆದುರು ಆ ಹಾಳೆಯನ್ನು ಓದುತ್ತೇನೆ — ಕ್ರಮಸಂಖ್ಯೆ ಒಂದರಿಂದ, ಆ ಥ್ಯಾಂಕ್ಯೂವರೆಗೂ.