ಮೈಕಿನ ಡೊಂಬಯ್ಯ, ನರಿಕೊಂಬಿನ ಬೌಲರ್

ಇನ್ನೂ ಬೆಳಕು ಹರಿದಿಲ್ಲ. ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯ ರಬ್ಬರ್ ತೋಟದಲ್ಲಿ ಒಂದು ದೀಪ ಮರದಿಂದ ಮರಕ್ಕೆ ಹೋಗುತ್ತಿದೆ. ದೀಪದ ಜೊತೆಗೇ ಒಂದು ದನಿ. "ಎಡಗೈ ಆಟಗಾರ ಕ್ರೀಸಿನಲ್ಲಿ. ಬೌಲರ್ ಬರ್ತಾ ಇದ್ದಾನೆ. ಚೆಂಡು ನೆಲಕ್ಕೆ ತಾಗಿ ಒಳಗೆ ನುಗ್ಗಿತು... ಬೌಲ್ಡ್!" ಬೌಲ್ಡ್ ಎನ್ನುವ ಹೊತ್ತಿಗೆ ಕತ್ತಿ ತೊಗಟೆಯ ಮೇಲೆ ಓರೆಯಾಗಿ ಇಳಿಯುತ್ತದೆ. ಬಿಳಿ ಹಾಲು ಗೀರಿನಲ್ಲಿ ಜಿನುಗಿ, ಕೆಳಗೆ ಕಟ್ಟಿದ ತೆಂಗಿನ ಗೆರಟೆಗೆ ತೊಟ್ಟಿಕ್ಕತೊಡಗುತ್ತದೆ. ಗೊತ್ತಿಲ್ಲದವರು ಈ ಹೊತ್ತಿನಲ್ಲಿ ಈ ದಾರಿಯಾಗಿ ಬಂದರೆ, ಸತ್ತವರು ಯಾರೋ ಕ್ರಿಕೆಟ್ ಆಡುತ್ತಿದ್ದಾರೆಂದು ಎದ್ದುಬಿದ್ದು ಓಡಿಯಾರು.

ಓಡಬೇಕಾಗಿಲ್ಲ. ಅದು ಡೊಂಬಯ್ಯ. ಹಣೆಗೆ ಟಾರ್ಚು ಕಟ್ಟಿಕೊಂಡು, ಹಾಲಿನ ಕಲೆ ಹತ್ತಿ ಹತ್ತಿ ಚರ್ಮದಂತೆ ಗಟ್ಟಿಯಾದ ಅಂಗಿ ತೊಟ್ಟು, ಬೇರೆಯವರ ತೋಟದಲ್ಲಿ ರಬ್ಬರ್ ಗೀರುವ ಕೆಲಸ ಅವರದು. ವಯಸ್ಸು ಐವತ್ತು ದಾಟಿದೆ. ದಿನಕ್ಕೆ ಮುನ್ನೂರು ಮರ. ಬಿಸಿಲೇರಿದ ಮೇಲೆ ಹಾಲು ಸರಿಯಾಗಿ ಹರಿಯುವುದಿಲ್ಲವಾದ್ದರಿಂದ ಗೀರುವ ಕೆಲಸವೆಲ್ಲ ಸೂರ್ಯನಿಗಿಂತ ಮುಂಚೆ. ಆಮೇಲೆ ಹಾಲು ಕೂಡಿಸಬೇಕು, ಹೆಪ್ಪು ಹಾಕಬೇಕು, ಹಾಳೆ ಒತ್ತಬೇಕು. ವಾರದ ಆರು ದಿನವೂ ಇದೇ, ಮಾತಿಗೆ ಒಬ್ಬರೂ ಸಿಗದ ಕೆಲಸ.

ಏಳನೆಯ ದಿನದ ಡೊಂಬಯ್ಯನನ್ನು ನೋಡಬೇಕು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಮೈಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲಾ ಮೈದಾನಗಳಲ್ಲಿ, ಕೊಯ್ಲು ಮುಗಿದ ಗದ್ದೆಗಳಲ್ಲಿ ನಡೆಯುವ ಅಂಡರ್‌ಆರ್ಮ್ ಟೂರ್ನಮೆಂಟುಗಳಿಗೆ ಅವರೇ ವೀಕ್ಷಕ ವಿವರಣೆಗಾರ. ತೋಳನ್ನು ಮೇಲೆತ್ತದೆ, ಸೊಂಟದ ಕೆಳಗಿನಿಂದಲೇ ಟೆನಿಸ್ ಚೆಂಡನ್ನು ಬೀಸಿ ಬಿಡುವ ಈ ಆಟಕ್ಕೆ ನಮ್ಮ ಕಡೆ ಇರುವ ಹುಚ್ಚು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಪಂದ್ಯಕ್ಕೆ ನಾಲ್ಕೇ ಓವರು. ಕಣ್ಣು ಮಿಟುಕಿಸುವಷ್ಟರಲ್ಲಿ ಒಬ್ಬ ಹೀರೋ, ಇನ್ನೊಬ್ಬ ಝೀರೋ.

"ಬೆಳಗ್ಗೆ ಮರದ ಹತ್ರ ಮಾತಾಡಿ ಅಭ್ಯಾಸ ಮಾಡಿಕೊಳ್ತೇನೆ," ಎನ್ನುತ್ತಾರೆ ಡೊಂಬಯ್ಯ. "ಮರ ಒಂದೇ ನನಗೆ ಎದುರು ಮಾತಾಡದ್ದು. ಮನೆಯಲ್ಲಿ ಆ ಸೌಕರ್ಯ ಇಲ್ಲ."

ಮನೆಯಲ್ಲಿರುವವರು ಹೆಂಡತಿ ಕಾಂತಿ. ಬೀಡಿ ಕಟ್ಟುತ್ತಾ ಒಳಗಿನಿಂದಲೇ ಉತ್ತರ ಕೊಡುತ್ತಾರೆ. "ಇವರ ಬಾಯಿಗೆ ಬೀಗ ಇಲ್ಲ. ಅದರಿಂದ ಏನಾಯ್ತು ಅಂತ ಅವರನ್ನೇ ಕೇಳಿ."

ಏನಾಯಿತು ಎಂದು ಹೇಳುವ ಮೊದಲು ಒಂದು ವಿಷಯ ತಿಳಿದಿರಬೇಕು. ಟಿವಿಯ ಕ್ರಿಕೆಟ್‌ನಲ್ಲಿ ವಿವರಣೆಗಾರ ಗಾಜಿನ ಕೋಣೆಯಲ್ಲಿ ಕೂತಿರುತ್ತಾನೆ, ಅವನ ಮಾತು ಆಟಗಾರನಿಗೆ ಕೇಳಿಸುವುದಿಲ್ಲ. ಇಲ್ಲಿ ಹಾಗಲ್ಲ. ಬೌಂಡರಿ ಗೆರೆಗೆ ತಾಗಿಕೊಂಡೇ ಮೇಜು, ಮೈದಾನದ ನಾಲ್ಕು ಮೂಲೆಗೂ ಸ್ಪೀಕರು. ಬೌಲರ್ ಚೆಂಡು ಹಿಡಿದು ನಿಂತಾಗ ಅವನ ಬಗ್ಗೆ ಆಡಿದ ಪ್ರತಿ ಮಾತೂ ಅವನ ಕಿವಿಗೇ ಬಂದು ಬಡಿಯುತ್ತದೆ. ಹೊಗಳಿಕೆಯಾದರೆ ಎದೆ ಉಬ್ಬುತ್ತದೆ, ಕುಹಕವಾದರೆ ನುಂಗಿಕೊಳ್ಳಬೇಕು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರಲ್ಲ, ಎಲುಬಿಲ್ಲದ ಆ ನಾಲಿಗೆಗೆ ಸಾವಿರ ವಾಟಿನ ಸ್ಪೀಕರ್ ಕಟ್ಟಿದರೆ ಹೇಗಿರುತ್ತದೆ, ಯೋಚಿಸಿ.

ಆದರೂ ಡೊಂಬಯ್ಯನನ್ನು ಆಟಗಾರರು ಇಷ್ಟಪಡುತ್ತಾರೆ. ಹೊಸ ಹುಡುಗರ ಆಟವನ್ನು ಅವರಷ್ಟು ಆಸೆಯಿಂದ ನೋಡುವವರು ಕಡಿಮೆ. ಎಲ್ಲೋ ಮೂಲೆಯ ಗದ್ದೆಯಲ್ಲಿ ಒಬ್ಬ ಚೆನ್ನಾಗಿ ಚೆಂಡು ಎಸೆಯುತ್ತಾನೆಂದು ಕೇಳಿದರೆ ಸಾಕು, ಎರಡು ಬಸ್ಸು ಬದಲಿಸಿ ಹೋಗಿ ನೋಡಿಬರುತ್ತಾರೆ. ಬಂದು ಮೈಕಿನಲ್ಲಿ ಅವನ ಹೆಸರನ್ನು ಊರೂರಿಗೆ ಹಂಚುತ್ತಾರೆ. ದೊಡ್ಡ ತಂಡಗಳವರು ಆಟಗಾರರನ್ನು ಆರಿಸುವ ಮುಂಚೆ ಇವರ ಹತ್ತಿರ ಒಂದು ಮಾತು ಕೇಳುವುದುಂಟು.

ನರಿಕೊಂಬಿನ ಸುಹೈಬ್‌ನನ್ನು ಹಾಗೆ ಕಂಡುಹಿಡಿದದ್ದೂ ಡೊಂಬಯ್ಯನೇ. ನದಿ ದಂಡೆಯ ಒಂದು ತುಂಡು ಜಾಗದಲ್ಲಿ ಆಡುತ್ತಿದ್ದ, ಮೀನಿನ ಟೆಂಪೋ ಓಡಿಸುವ ಹುಡುಗ. "ಅವನ ಚೆಂಡು ನೆಲಕ್ಕೆ ಬಿದ್ದ ಮೇಲೆ ಮತ್ತೆ ಜೋರಾಗ್ತಿತ್ತು ಮಾರಾಯ್ರೇ. ಅದು ಕಲಿಸಿ ಬರುದಲ್ಲ. ಮೂಡುಬಿದಿರೆಯ ಟೀಮಿಗೆ ನಾನೇ ಹೇಳಿದೆ, ಕಣ್ಣು ಮುಚ್ಚಿ ತೆಗೆದುಕೊಳ್ಳಿ ಅಂತ."

ಅವರು ತೆಗೆದುಕೊಂಡರು. ಎರಡು ವರ್ಷದ ಹಿಂದೆ ಮೂಡುಬಿದಿರೆಯಲ್ಲೇ ಫೈನಲ್. ಕೊನೆಯ ಓವರ್ ಸುಹೈಬ್‌ನ ಕೈಗೆ. ಮೊದಲ ಚೆಂಡು ವೈಡ್. ಎರಡನೆಯದೂ ವೈಡ್. ಮೂರನೆಯದು ಇನ್ನೂ ದೂರ. ಜನ ಗುಸುಗುಸು ಶುರುಮಾಡಿದರು. ಜನರ ಬೇಸರ ಕಂಡರೆ ಡೊಂಬಯ್ಯನ ಬಾಯಿ ಸುಮ್ಮನಿರುವುದಿಲ್ಲ. ಮೈಕು ಹತ್ತಿರ ತಂದು ಹೇಳಿಯೇಬಿಟ್ಟರು: "ಸ್ಟಂಪು ಉಂಟು ಇಲ್ಲಿ, ಸುಹೈಬ್‌ನ ಚೆಂಡು ಹೊರಟದ್ದು ಚಾರ್ಮಾಡಿಗೆ! ಘಾಟಿ ಹತ್ತುವವರು ಬೇಗ ಬೇಗ ಬನ್ನಿ, ಚಾರ್ಮಾಡಿ, ಚಾರ್ಮಾಡಿ... ರೈಟ್, ಪೋಯಿ!"

ನಮ್ಮ ಬಸ್ಸಿನ ಕಂಡಕ್ಟರುಗಳು ಹೊರಡುವಾಗ 'ಹೋಗೋಣ' ಎಂದು ತುಳುವಿನಲ್ಲಿ ಕೂಗುವ ಅದೇ ಧಾಟಿ. ಇಡೀ ಮೈದಾನ ಬಿದ್ದುಬಿದ್ದು ನಕ್ಕಿತು. ಸುಹೈಬ್ ಮುಂದಿನ ಚೆಂಡಿಗೆ ಓಡಿಬರುವಾಗ ಗ್ಯಾಲರಿಯ ಮಕ್ಕಳು ಒಟ್ಟಾಗಿ ಕೂಗಿದರು, ರೈಟ್, ಪೋಯಿ! ಆ ಚೆಂಡು ಕೀಪರಿನ ತಲೆಯ ಮೇಲಿಂದ ಹೋಯಿತು. ಓವರು ಮುಗಿಯುವುದಕ್ಕಿಂತ ಮುಂಚೆ ಪಂದ್ಯ ಮುಗಿದಿತ್ತು.

ಅಲ್ಲಿಗೇ ನಿಂತಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ. ಯಾರೋ ವಿಡಿಯೊ ಮಾಡಿದ್ದರು. ಸಂಜೆಯೊಳಗೆ ಅದು ಮೂರು ತಾಲೂಕಿನ ವಾಟ್ಸಾಪಿನಲ್ಲಿ ಸುತ್ತಿ, ಗಲ್ಫಿನಲ್ಲಿರುವವರ ಫೋನಿಗೂ ಹೋಗಿ ಕೂತಿತು. ಸುಹೈಬ್ 'ಚಾರ್ಮಾಡಿ ಬಸ್' ಆದ. ಯಾವ ಮೈದಾನಕ್ಕೆ ಹೋದರೂ ಅವನು ಓಡಲು ಶುರುಮಾಡಿದ ಕೂಡಲೇ ಅದೇ ಕೂಗು. ಕೊನೆಕೊನೆಗೆ ಕೂಗುವವರು ಇಲ್ಲದಿದ್ದರೂ ಅವನ ಕೈ ಚೆಂಡನ್ನು ಬಿಡಬೇಕಾದ ಹೊತ್ತಿಗೆ ಬಿಡದಾಯಿತು. ಒಂದು ಕ್ಷಣ ಬೇಗ, ಇಲ್ಲವೇ ಒಂದು ಕ್ಷಣ ತಡ. ತಂಡ ಕೈಬಿಟ್ಟಿತು. ಅವನು ಚೆಂಡನ್ನೇ ಕೈಬಿಟ್ಟ.

ಅವನು ಆಟವನ್ನೇ ಬಿಟ್ಟದ್ದು ಡೊಂಬಯ್ಯನಿಗೆ ತಿಳಿದದ್ದು ತಡವಾಗಿ. ತಿಳಿದ ಮರುದಿನವೇ ನರಿಕೊಂಬಿಗೆ ಹೋದರು. ಸುಹೈಬ್ ಮನೆಯಲ್ಲಿರಲಿಲ್ಲ, ಅಥವಾ ಇದ್ದೂ ಹೊರಗೆ ಬರಲಿಲ್ಲ. ತಾಯಿ ಜೈನಬಮ್ಮ ಚಹಾ ಮಾಡಿ ಕೊಟ್ಟರು. ಬಯ್ಯಲಿಲ್ಲ. "ಬಯ್ದಿದ್ರೆ ಒಳ್ಳೆದಿತ್ತು," ಎನ್ನುವಾಗ ಡೊಂಬಯ್ಯ ಕೈಯಲ್ಲಿದ್ದ ಗೆರಟೆಯನ್ನು ಸುಮ್ಮನೆ ತಿರುಗಿಸುತ್ತಾರೆ. "ಅವರು ಹೇಳಿದ್ದು ಇಷ್ಟೇ. 'ನೀವು ಕೆಟ್ಟ ಮಾತೇನೂ ಆಡ್ಲಿಲ್ಲ ಅಂತ ಎಲ್ಲರೂ ಹೇಳ್ತಾರೆ. ತಮಾಷೆ ಅಂತೆ. ನನ್ನ ಮಗ ಮಾತ್ರ ನಗುದಿಲ್ಲ ಈಗ.'"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಗಾದೆಯನ್ನು ಡೊಂಬಯ್ಯ ನೂರಾರು ಬಾರಿ ಮೈಕಿನಲ್ಲಿ ಹೇಳಿದ್ದಾರೆ, ಬೇರೆಯವರಿಗೆ. ಆದರೆ ಹೋಯಿತು ಎಂದು ಕೈಚೆಲ್ಲಿ ಕೂರುವ ಜಾಯಮಾನ ಅವರದಲ್ಲ. ಸುಹೈಬ್‌ನ ಟೆಂಪೋ ಬೆಳಗ್ಗೆ ಮಂಗಳೂರು ಬಂದರಿನ ಧಕ್ಕೆಯಿಂದ ಮೀನು ತುಂಬಿಕೊಂಡು ಪುಂಜಾಲಕಟ್ಟೆಗೆ ಬಂದೇ ಬರುತ್ತದೆ. ಡೊಂಬಯ್ಯ ಗೀರುವ ಕೆಲಸ ಮುಗಿಸಿ, ಅಂಗಿಯನ್ನೂ ಬದಲಿಸದೆ ಹೋಗಿ ಟೆಂಪೋಕ್ಕೆ ಅಡ್ಡ ನಿಂತರು. ಮೊದಲ ದಿನ ಸುಹೈಬ್ ಹಾರನ್ ಹೊಡೆದು ಬದಿಯಿಂದ ಹೋದ. ಮರುದಿನವೂ ಹೋದ. ಹೀಗೇ ಅರ್ಧ ತಿಂಗಳು ನಡೆದ ಮೇಲೆ ಒಂದು ದಿನ ಎಂಜಿನ್ ಆರಿಸಿ ಕೇಳಿದ, "ನಿಮಗೆ ಏನು ಬೇಕು ಡೊಂಬಯ್ಯಣ್ಣ?"

"ತೋಟಕ್ಕೆ ಬಾ. ಅಲ್ಲಿ ಯಾರೂ ಇಲ್ಲ. ಮರ ನಗುದಿಲ್ಲ."

ಅಲ್ಲಿಂದ ಶುರುವಾಯಿತು. ಎರಡು ಸಾಲು ರಬ್ಬರ್ ಮರಗಳ ನಡುವೆ ಚಾಕು ಹಿಡಿದು ಗೀರಿದಷ್ಟು ನೇರವಾದ ದಾರಿ. ಆ ಕೊನೆಯಲ್ಲಿ ಮೂರು ಕೋಲು ಊರಿ, ಈ ಕೊನೆಯಿಂದ ಸುಹೈಬ್ ಚೆಂಡು ಬಿಡಬೇಕು. ಮೊದಲಿಗೆ ಚೆಂಡು ಕೋಲಿಗೆ ತಾಗುವುದಿರಲಿ, ಮರಕ್ಕೆ ಬಡಿದು ಗೆರಟೆಗಳನ್ನು ಉರುಳಿಸಿತು. ಗೀರಿದ ಹಾಲೆಲ್ಲ ಮಣ್ಣಿನ ಪಾಲು. ತೋಟದ ಯಜಮಾನರಿಗೆ ಡೊಂಬಯ್ಯನೇ ಹೋಗಿ ವಿಷಯ ಹೇಳಿದರು. ಅವರೂ ಹಳೆಯ ಅಂಡರ್‌ಆರ್ಮ್ ಆಟಗಾರ. "ಆ ಸಾಲನ್ನು ಕಡೆಗೆ ಗೀರು, ಹುಡುಗ ಹೋದ ಮೇಲೆ," ಎಂದರಂತೆ. ಚೆಂಡಿಗೆ ಮೀನಿನ ವಾಸನೆ ಹತ್ತಿ, ತೋಟದ ನಾಯಿ ಅದನ್ನು ಕಚ್ಚಿಕೊಂಡು ಓಡುವುದು, ಡೊಂಬಯ್ಯ ಹಿಂದಿನಿಂದ ಓಡುವುದು ದಿನನಿತ್ಯದ ಕಾರ್ಯಕ್ರಮವಾಯಿತು. ಒಂದು ಮಳೆಗಾಲ ಕಳೆದು ಮರಗಳು ಎಲೆ ಉದುರಿಸುವ ಹೊತ್ತಿಗೆ ಕೋಲುಗಳು ಬೀಳತೊಡಗಿದವು.

ಆದರೆ ತೋಟ ಬೇರೆ, ಮೈದಾನ ಬೇರೆ. ಮರ ನಗುವುದಿಲ್ಲ, ಜನ ನಗುತ್ತಾರೆ. ಪುಂಜಾಲಕಟ್ಟೆಯ ಒಂದು ಸಣ್ಣ ತಂಡದ ಕ್ಯಾಪ್ಟನ್ ಶರೀಫ್‌ನನ್ನು ಡೊಂಬಯ್ಯ ಕಾಡಿ ಬೇಡಿ ಒಪ್ಪಿಸಿದರು. ಶರೀಫ್ ಮುಲಾಜಿಲ್ಲದೆ ಹೇಳಿದ, "ಒಂದು ಓವರ್ ಕೊಡುವ. ಮತ್ತೆ ಹಾಗೇ ಆದ್ರೆ ಇನ್ನು ಅವನನ್ನು ಯಾರೂ ಕರೆಯುದಿಲ್ಲ. ನಾನೂ ಕರೆಯುದಿಲ್ಲ." ಸುಹೈಬ್‌ಗೂ ಅದು ಗೊತ್ತಿತ್ತು.

ಕಳೆದ ಬೇಸಿಗೆಯ ಒಂದು ಭಾನುವಾರ, ಬೆಳ್ತಂಗಡಿ ಕಡೆಯ ಮೈದಾನ. ಎದುರು ತಂಡಕ್ಕೆ ಎರಡು ಓವರಿನಲ್ಲಿ ಹದಿನಾಲ್ಕು ರನ್ನು ಬೇಕು. ಶರೀಫ್ ಚೆಂಡನ್ನು ಸುಹೈಬ್‌ಗೆ ಎಸೆಯುತ್ತಾನೆ. ಮೈಕಿನ ಮೇಜಿನಲ್ಲಿ ಡೊಂಬಯ್ಯ ಹಿಂದಿನ ದಿನವೇ ತೀರ್ಮಾನ ಮಾಡಿಕೊಂಡಿದ್ದಾರೆ. ಸುಹೈಬ್‌ನ ಓವರ್ ಮುಗಿಯುವವರೆಗೆ ತುಟಿ ಬಿಚ್ಚುವುದಿಲ್ಲ. ತನ್ನ ಬಾಯಿಂದ ಹಾಳಾದದ್ದು, ಬಾಯಿ ಮುಚ್ಚಿಯಾದರೂ ಸರಿಯಾಗಲಿ ಎಂದು. ಮೈಕನ್ನು ಮೇಜಿನ ಮೇಲೆ ಮಗುಚಿ ಇಟ್ಟು ಕೈಕಟ್ಟಿ ಕೂತಿದ್ದಾರೆ.

ಬೆಳಗಿನಿಂದ ಎಡೆಬಿಡದೆ ಕೇಳುತ್ತಿದ್ದ ದನಿ ಒಮ್ಮೆಲೇ ನಿಂತರೆ ಏನಾಗುತ್ತದೆ? ಜನರೆಲ್ಲ ತಿರುಗಿ ಮೇಜಿನ ಕಡೆ ನೋಡುತ್ತಾರೆ. ಮೇಜಿನಿಂದ ಬೌಲರಿನ ಕಡೆ ನೋಡುತ್ತಾರೆ. ಯಾಕೆಂದು ಎಲ್ಲರಿಗೂ ಹೊಳೆಯುತ್ತದೆ. ಮರೆತವರಿಗೂ ನೆನಪಾಗುತ್ತದೆ. ಕಬ್ಬಿನ ಹಾಲಿನ ಗಾಡಿಯ ಗೆಜ್ಜೆ ಸದ್ದು ಮಾತ್ರ ಕೇಳಿಸುವಷ್ಟು ಮೌನ. ಒಳ್ಳೆಯದು ಮಾಡಲು ಹೋಗಿ ಡೊಂಬಯ್ಯ ಎರಡನೆಯ ಸಲ ಕೆಡಿಸಿದ್ದರು, ಅದು ಅವರಿಗೇ ಗೊತ್ತಾಗಲಿಲ್ಲ.

ಮೊದಲ ಚೆಂಡು ವೈಡ್. ಎರಡನೆಯದೂ ವೈಡ್.

ಅದನ್ನು ನೆನೆದು ಡೊಂಬಯ್ಯ ಹೇಳುತ್ತಾರೆ, "ದೇವರೇ, ಮಾತಾಡಿದ್ರೂ ಹೀಗೆ, ಆಡದಿದ್ರೂ ಹೀಗೆ."

ಸುಹೈಬ್ ಮೂರನೆಯ ಚೆಂಡು ಹಾಕಲಿಲ್ಲ. ಚೆಂಡನ್ನು ಕೈಯಲ್ಲಿ ಹಿಡಿದುಕೊಂಡೇ ಮೈದಾನ ದಾಟಿ ಸೀದಾ ಮೇಜಿನ ಹತ್ತಿರ ನಡೆದು ಬಂದ. ಅಂಪೈರ್ ಕೂಗಿದರೂ ನಿಲ್ಲಲಿಲ್ಲ. ಜಗಳವೇ ಆಗುತ್ತದೆಂದು ನಾಲ್ಕು ಜನ ಎದ್ದು ನಿಂತರು.

"ಡೊಂಬಯ್ಯಣ್ಣ, ಯಾಕೆ ಸುಮ್ಮನೆ ಕೂತದ್ದು? ನೀವು ಹೀಗೆ ಕೂತ್ರೆ ಯಾರೋ ಸತ್ತ ಮನೆಯಲ್ಲಿ ಆಡಿದ ಹಾಗೆ ಆಗ್ತದೆ. ನನಗೆ ಹೆದರಿಕೆ ಆಗ್ತದೆ. ಮಾತಾಡಿ."

"ನಾನು ಏನು ಹೇಳುದು ಮಾರಾಯ?"

"ಉಳಿದವರಿಗೆ ಹೇಳಿದ್ದನ್ನೇ ನನಗೂ ಹೇಳಿ."

ಇಷ್ಟೇ ಮಾತು. ಅವನು ಹಿಂದೆ ಹೋಗಿ ತನ್ನ ಗುರುತಿನ ಜಾಗದಲ್ಲಿ ನಿಂತ. ಡೊಂಬಯ್ಯ ಮೈಕನ್ನು ಎತ್ತಿಕೊಂಡರು. ಮೂವತ್ತು ವರ್ಷ ಹಿಡಿದ ಮೈಕನ್ನು ಒಮ್ಮೆ ತಟ್ಟಿ ನೋಡಿದರು. ಬೇರೆಲ್ಲ ಬೌಲರುಗಳಿಗೆ ಹೇಳುವ ಹಾಗೆಯೇ ಹೇಳಿದರು: "ಬೌಲಿಂಗಿನಲ್ಲಿ ಸುಹೈಬ್, ನರಿಕೊಂಬು. ಎಡಗಡೆಯಿಂದ ಬರ್ತಾ ಇದ್ದಾರೆ." ಚೆಂಡು ನೆಲಕ್ಕೆ ತಾಗಿ ಜೋರಾಗಿ ಒಳನುಗ್ಗಿತು. ಬ್ಯಾಟು ಎಲ್ಲೋ, ಚೆಂಡು ಎಲ್ಲೋ. ನಡುವಿನ ಸ್ಟಂಪು ಕಿತ್ತು ಹಿಂದಕ್ಕೆ ಹಾರಿತು. ಬೌಲ್ಡ್ ಎನ್ನುವುದನ್ನೂ ಮರೆತು ಡೊಂಬಯ್ಯ ಕುರ್ಚಿಯಿಂದ ಎದ್ದುಬಿಟ್ಟರು. ಪಕ್ಕದಲ್ಲಿದ್ದ ಸ್ಕೋರರ್ ಮೈಕು ಕಿತ್ತುಕೊಂಡು ಹೇಳಬೇಕಾಯಿತು.

ಆ ಓವರಿನಲ್ಲಿ ಒಂದು ಚೆಂಡನ್ನು ಎದುರಾಳಿ ರಸ್ತೆಯಾಚೆಗೂ ಹೊಡೆದ, ಸುಳ್ಳು ಹೇಳಬಾರದು. ಉಳಿದವೆಲ್ಲ ನೇರ. ಕೊನೆಯ ಓವರನ್ನು ಕ್ಯಾಪ್ಟನ್ ಶರೀಫನೇ ಹಾಕಿ ಪಂದ್ಯ ಕಳೆದುಕೊಂಡ. "ಸೋತದ್ದು ನನ್ನಿಂದ, ಅವನಿಂದ ಅಲ್ಲ," ಎಂದು ಈಗಲೂ ನಗುತ್ತಾ ಒಪ್ಪಿಕೊಳ್ಳುತ್ತಾನೆ. ಅಂದಿನಿಂದ ಸುಹೈಬ್ ಅವನ ತಂಡದ ಖಾಯಂ ಬೌಲರು.

ಗೆರಟೆಗಳ ಹಾಲನ್ನು ಬಕೆಟಿಗೆ ಸುರಿಯುತ್ತಾ ಡೊಂಬಯ್ಯ ದಿನದ ಕೆಲಸ ಮುಗಿಸುತ್ತಿದ್ದಾರೆ. ಸುಹೈಬ್‌ನ ಟೆಂಪೋ ತೋಟದ ಬಾಗಿಲಲ್ಲಿ ನಿಂತಿದೆ. ಇವತ್ತಿನ ಅಭ್ಯಾಸ ಮುಗಿದಿದೆ, ಅವನಿಗೆ ಹೊರಡುವ ಅವಸರ. ಇನ್ನೇನು ಆಸೆ ಉಂಟು ಎಂದು ಕೇಳಿದರೆ ಡೊಂಬಯ್ಯ ಟೆಂಪೋದ ಕಡೆ ಕೈ ತೋರಿಸುತ್ತಾರೆ.

"ಮೂಡುಬಿದಿರೆಯ ಅದೇ ಮೈದಾನದಲ್ಲಿ ಇವನಿಗೆ ಒಂದು ಕೊನೆಯ ಓವರ್ ಸಿಗ್ಬೇಕು. ಮೈಕು ಬೇರೆ ಯಾರಾದ್ರೂ ಹಿಡೀಲಿ. ನಾನು ಜನರ ನಡುವೆ ಕೂತು ನೋಡಿದ್ರೆ ಸಾಕು."

ಟೆಂಪೋದ ಕಿಟಕಿಯಿಂದ ಸುಹೈಬ್ ತಲೆ ಹೊರಗೆ ಹಾಕುತ್ತಾನೆ. "ಇವರು ಮೈಕಲ್ಲಿ ಇಲ್ಲದಿದ್ರೆ ನಾನು ಆಡುದಿಲ್ಲ."

ಅಷ್ಟು ಹೇಳಿ, ಗಾಡಿ ತಿರುಗಿಸಿ ಹೋಗೇಬಿಡುತ್ತಾನೆ. ಡೊಂಬಯ್ಯ ಬಕೆಟು ಕೆಳಗಿಡುತ್ತಾರೆ. ಹಾಲು ಅಂಟಿದ ಕೈಯಿಂದ ಕಣ್ಣು ಒರೆಸಿಕೊಳ್ಳಲಾಗದೆ ತೋಳಿನಿಂದ ಒರೆಸಿಕೊಳ್ಳುತ್ತಾರೆ.

"ಕೇಳಿದಿರಲ್ಲ? ಅದನ್ನು ಬರೀರಿ. ಉಳಿದದ್ದು ಬಿಟ್ರೂ ಅಡ್ಡಿಲ್ಲ."